ಕಾಕ್ಲಿಯರ್ ಇಂಪ್ಲಾಂಟ್: ಶ್ರವಣ ಸಂಶೋಧಕರ ಕೆಲಸವೇನು?

ಹುಟ್ಟಿನಿಂದಲೇ ಶ್ರವಣದೋಷವುಳ್ಳ ಮಗುವಿನ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸುವ ಶಸ್ತ್ರಚಿಕಿತ್ಸೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಆ ಸಾಧನವು ಮಾತನ್ನು ಯಾವ ರೀತಿಯ ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸಬೇಕು, ಶ್ರವಣ ನರಕ್ಕೆ ಎಷ್ಟು ವಿದ್ಯುತ್ ಹರಿಸಬೇಕು, ಕೇಳಿಸಿದ ಸದ್ದು ಮಗುವಿಗೆ ಮಾತಾಗಿ ಅರ್ಥವಾಗುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಉತ್ತರ ದೊರೆಯುವುದಿಲ್ಲ. ಹೊರಗಿನ ಸದ್ದು ಒಳನುಸುಳದಂತೆ ಕಟ್ಟಿದ ಪ್ರಯೋಗಾಲಯದ ಪುಟ್ಟ ಕೋಣೆಯಲ್ಲಿ ವರ್ಷಗಟ್ಟಲೆ ನಡೆಯುವ ಪರೀಕ್ಷೆಗಳಿಂದ ಅವು ಒಂದೊಂದಾಗಿ ಬಗೆಹರಿಯುತ್ತವೆ. ಈ ಪರೀಕ್ಷೆಗಳನ್ನು ನಡೆಸುವವರೇ ಶ್ರವಣ ಸಂಶೋಧಕರು.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಶ್ರವಣ ಕುರಿತ ಜಾಗತಿಕ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 43 ಕೋಟಿ ಜನರಿಗೆ ಶ್ರವಣದೋಷದ ಕಾರಣ ಪುನರ್ವಸತಿ ಸೇವೆಯ ಅಗತ್ಯವಿದೆ. 2050ರ ವೇಳೆಗೆ ಈ ಸಂಖ್ಯೆ 70 ಕೋಟಿಗೆ ಏರಬಹುದೆಂದು ಅದೇ ವರದಿ ಅಂದಾಜಿಸಿದೆ. ಇವರಲ್ಲಿ ಬಹುಪಾಲು ಮಂದಿಗೆ ಶ್ರವಣಯಂತ್ರವೇ ಸಾಕು. ಶ್ರವಣಯಂತ್ರದಿಂದಲೂ ಪ್ರಯೋಜನವಾಗದಷ್ಟು ತೀವ್ರ ದೋಷವುಳ್ಳವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಒಂದು ದಾರಿಯಾಗಿದೆ.

ಕಿವಿಯ ಒಳಗೆ ನಡೆಯುವುದೇನು?

ಒಳಕಿವಿಯಲ್ಲಿರುವ ಕಾಕ್ಲಿಯಾ ಬಸವನ ಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುರುಳಿ ಸುತ್ತಿಕೊಂಡಿರುವ ಅಂಗ. ಬಿಡಿಸಿದರೆ ಅದರ ಉದ್ದ ಸುಮಾರು 35 ಮಿಲಿಮೀಟರ್ ಮಾತ್ರ. ಅದರೊಳಗೆ ಸಾಲಾಗಿ ಜೋಡಣೆಗೊಂಡಿರುವ ಸುಮಾರು 3,500 ಒಳ ರೋಮಕೋಶಗಳು ಹಾಗೂ 12,000 ಹೊರ ರೋಮಕೋಶಗಳು ಧ್ವನಿಯ ಕಂಪನಕ್ಕೆ ಸ್ಪಂದಿಸುತ್ತವೆ. ಕಾಕ್ಲಿಯಾದ ಬುಡವು ಕೀರಲು ಧ್ವನಿಗಳಿಗೂ ತುದಿಯು ಗಡಸು ಧ್ವನಿಗಳಿಗೂ ಮೀಸಲು. ಹೀಗೆ ಪ್ರತಿಯೊಂದು ಸ್ಥಾಯಿಗೂ ಅಲ್ಲಿ ತನ್ನದೇ ಆದ ನೆಲೆಯಿದೆ. ಈ ವಿಂಗಡಣೆಯ ಹಿಂದಿರುವ ಅಲೆಯ ಚಲನೆಯನ್ನು ವಿವರಿಸಿದ ಗೇಯಾರ್ಗ್ ಫಾನ್ ಬೆಕೆಶಿ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ರೋಮಕೋಶಗಳು ನಾಶವಾದರೆ ಮನುಷ್ಯರಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ಆದರೆ ಅವುಗಳ ಹಿಂದಿರುವ ಶ್ರವಣ ನರದ ತಂತುಗಳು ಅನೇಕ ವೇಳೆ ಉಳಿದಿರುತ್ತವೆ. ಕೆಟ್ಟುಹೋದ ರೋಮಕೋಶಗಳನ್ನು ಬದಿಗಿರಿಸಿ ನೇರವಾಗಿ ಆ ನರವನ್ನೇ ವಿದ್ಯುತ್ತಿನಿಂದ ಪ್ರಚೋದಿಸುವುದು ಕಾಕ್ಲಿಯರ್ ಇಂಪ್ಲಾಂಟಿನ ಮೂಲತತ್ತ್ವ. ಕಿವಿಯ ಹಿಂದೆ ಧರಿಸುವ ಹೊರಸಾಧನದ ಮೈಕ್ರೋಫೋನ್ ಸದ್ದನ್ನು ಗ್ರಹಿಸುತ್ತದೆ. ಅದರೊಳಗಿನ ಸಂಸ್ಕಾರಕವು ಸದ್ದನ್ನು ಸ್ಥಾಯಿಗಳಿಗೆ ಅನುಗುಣವಾಗಿ ಪಟ್ಟಿಗಳನ್ನಾಗಿ ವಿಂಗಡಿಸಿ, ಚರ್ಮದ ಮೂಲಕ ರೇಡಿಯೋ ಸಂಕೇತವಾಗಿ ಒಳಭಾಗಕ್ಕೆ ಕಳುಹಿಸುತ್ತದೆ. ಒಳಭಾಗದಿಂದ ಹೊರಟು ಕಾಕ್ಲಿಯಾದೊಳಕ್ಕೆ ಸಾಗುವ ಎಳೆಯ ಮೇಲೆ 12ರಿಂದ 22 ಎಲೆಕ್ಟ್ರೋಡ್‌ಗಳಿರುತ್ತವೆ. ಸಾವಿರಾರು ರೋಮಕೋಶಗಳು ಮಾಡುತ್ತಿದ್ದ ಕೆಲಸವನ್ನು ಬೆರಳೆಣಿಕೆಯ ಲೋಹದ ಬಿಂದುಗಳು ನಿರ್ವಹಿಸಬೇಕಾದ ಸ್ಥಿತಿ ಇದು. ಈ ಕ್ಷೇತ್ರದ ಬಹುತೇಕ ಸಂಶೋಧನೆ ಹುಟ್ಟಿಕೊಂಡಿರುವುದು ಈ ಕೊರತೆಯಿಂದಲೇ.

ಅನುಮಾನದಿಂದ ಆರಂಭ

ಪ್ಯಾರಿಸ್‌ನ ಆಂದ್ರೆ ಜುರ್ನೋ ಮತ್ತು ಶಾರ್ಲ್ ಏರಿಯೆಸ್ 1957ರಲ್ಲಿ ಕಿವುಡ ವ್ಯಕ್ತಿಯೊಬ್ಬರ ಶ್ರವಣ ನರವನ್ನು ನೇರವಾಗಿ ವಿದ್ಯುತ್ತಿನಿಂದ ಪ್ರಚೋದಿಸಿ ಸದ್ದಿನ ಅನುಭವ ಮೂಡಿಸಿದರು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ವಿಲಿಯಂ ಹೌಸ್ 1961ರಲ್ಲಿ ಅಳವಡಿಕೆಗೆ ಕೈಹಾಕಿದರು. ಆಗ ಅನೇಕ ವಿಜ್ಞಾನಿಗಳು ಈ ಪ್ರಯತ್ನವನ್ನು ಸಂದೇಹದಿಂದ ನೋಡಿದರು. ಕೆಲವೇ ತಂತಿಗಳ ಮೂಲಕ ಮಾತನ್ನು ಮಿದುಳಿಗೆ ಮುಟ್ಟಿಸುವುದು ಅಸಾಧ್ಯವೆಂಬುದು ಅವರ ವಾದವಾಗಿತ್ತು.

ಆ ವಿವಾದಕ್ಕೆ ತಿರುವು ನೀಡಿದ್ದು ಒಂದು ಸ್ವತಂತ್ರ ಮೌಲ್ಯಮಾಪನ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನೆರವಿನಿಂದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ರಾಬರ್ಟ್ ಬಿಲ್ಜರ್ ಮತ್ತು ಸಂಗಡಿಗರು ಅಳವಡಿಕೆ ಮಾಡಿಸಿಕೊಂಡಿದ್ದ 13 ಮಂದಿಯನ್ನು ವಿವರವಾಗಿ ಪರೀಕ್ಷಿಸಿ 1977ರಲ್ಲಿ ವರದಿ ನೀಡಿದರು. ಒಂದೇ ವಾಹಿನಿಯ ಆ ಸಾಧನದಿಂದ ಕೇವಲ ಕೇಳಿ ಮಾತನ್ನು ಅರ್ಥ ಮಾಡಿಕೊಳ್ಳಲಾಗದು, ಆದರೆ ತುಟಿಚಲನೆ ನೋಡಿ ಮಾತು ಗ್ರಹಿಸುವುದಕ್ಕೆ ಅದು ನೆರವಾಗುತ್ತದೆ ಎಂದು ವರದಿ ತಿಳಿಸಿತು. ಸಾಧನ ತಯಾರಿಸಿದವರ ಉತ್ಸಾಹವನ್ನಾಗಲೀ ವಿರೋಧಿಗಳ ನಿರಾಕರಣೆಯನ್ನಾಗಲೀ ಅದು ಪೂರ್ತಿಯಾಗಿ ಒಪ್ಪಲಿಲ್ಲ. ಅಳತೆ ಮಾಡಿ ನೋಡಿದ್ದನ್ನಷ್ಟೇ ಹೇಳಿತು.

ಬಹುವಾಹಿನಿ ಸಾಧನಗಳು ಮುಂದಿನ ಹೆಜ್ಜೆ. ವಿಯೆನ್ನಾದಲ್ಲಿ ಇಂಗೆಬೋರ್ಗ್ ಮತ್ತು ಎರ್ವಿನ್ ಹೋಖ್‌ಮೈರ್ ದಂಪತಿ ರೂಪಿಸಿದ ಬಹುವಾಹಿನಿ ಸಾಧನವನ್ನು 1977ರ ಡಿಸೆಂಬರ್‌ನಲ್ಲಿ ಅಳವಡಿಸಲಾಯಿತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಗ್ರೇಯಂ ಕ್ಲಾರ್ಕ್ 1978ರ ಆಗಸ್ಟ್ 1ರಂದು ತಮ್ಮ ಮೊದಲ ಬಹುವಾಹಿನಿ ಅಳವಡಿಕೆ ನಡೆಸಿದರು. ಔಷಧ ವ್ಯಾಪಾರಿಯಾಗಿದ್ದ ತಂದೆಯ ಶ್ರವಣದೋಷವನ್ನು ಬಾಲ್ಯದಿಂದಲೂ ಕಂಡಿದ್ದವರು ಕ್ಲಾರ್ಕ್. ಸುರುಳಿಯಾಕಾರದ ಕಾಕ್ಲಿಯಾದೊಳಕ್ಕೆ ತಂತಿಯನ್ನು ಹಾನಿಯಾಗದಂತೆ ತೂರಿಸುವ ಬಗೆ ತಿಳಿಯದೆ ತೊಳಲುತ್ತಿದ್ದ ಅವರು, ಸಮುದ್ರತೀರದಲ್ಲಿ ಸಿಕ್ಕ ಚಿಪ್ಪಿನೊಳಕ್ಕೆ ಹುಲ್ಲಿನ ಗರಿಯನ್ನು ತೂರಿಸಿ ನೋಡಿದರು. ತುದಿ ಮೃದುವಾಗಿದ್ದು ಬುಡ ಗಟ್ಟಿಯಾಗಿರುವ ಗರಿ ಸುಲಭವಾಗಿ ಒಳಸರಿಯಿತು. ಎಲೆಕ್ಟ್ರೋಡ್ ಎಳೆಯ ವಿನ್ಯಾಸಕ್ಕೆ ಅದೇ ಮಾದರಿಯಾಯಿತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೌಸ್ ಅವರ ಸಾಧನಕ್ಕೆ 1984ರಲ್ಲಿ, ಮೆಲ್ಬರ್ನ್ ಮೂಲದ ಬಹುವಾಹಿನಿ ಸಾಧನಕ್ಕೆ 1985ರಲ್ಲಿ ವಯಸ್ಕರಿಗಾಗಿ ಅನುಮತಿ ನೀಡಿತು. ಎರಡು ವರ್ಷ ತುಂಬಿದ ಮಕ್ಕಳಿಗೆ ಅಳವಡಿಸಲು 1990ರಲ್ಲಿ ಒಪ್ಪಿಗೆ ದೊರೆಯಿತು. ಆ ವಯೋಮಿತಿ 2000ದಲ್ಲಿ 12 ತಿಂಗಳಿಗೂ 2020ರಲ್ಲಿ 9 ತಿಂಗಳಿಗೂ ಇಳಿಯಿತು.

ಒಂದು ಸಂಸ್ಕರಣಾ ವಿಧಾನದ ಪರಿಣಾಮ

ಎಲೆಕ್ಟ್ರೋಡ್‌ಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಮಾತು ಸ್ಪಷ್ಟವಾಗಲಿಲ್ಲ. ಕಾಕ್ಲಿಯಾದೊಳಗಿನ ದ್ರವ ವಿದ್ಯುತ್ತನ್ನು ಹರಡಿಬಿಡುತ್ತದೆ. ಅಕ್ಕಪಕ್ಕದ ಎಲೆಕ್ಟ್ರೋಡ್‌ಗಳು ಏಕಕಾಲದಲ್ಲಿ ಕೆಲಸ ಮಾಡಿದರೆ ಅವುಗಳ ಸಂಕೇತಗಳು ಒಂದರೊಳಗೊಂದು ಬೆರೆಯುತ್ತವೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಬ್ಲೇಕ್ ವಿಲ್ಸನ್ ಮತ್ತು ತಂಡದವರು ಇದಕ್ಕೆ ಸರಳ ಪರಿಹಾರ ಕಂಡುಕೊಂಡರು. ಎಲ್ಲ ಎಲೆಕ್ಟ್ರೋಡ್‌ಗಳಿಗೂ ಒಮ್ಮೆಲೇ ವಿದ್ಯುತ್ ನೀಡದೆ, ಅತಿವೇಗದ ಕಿರುಮಿಡಿತಗಳನ್ನು ಒಂದಾದ ಮೇಲೊಂದರಂತೆ ಸರದಿಯಲ್ಲಿ ಕಳುಹಿಸುವುದೇ ಆ ವಿಧಾನ. ‘ನೇಚರ್’ ಪತ್ರಿಕೆಯಲ್ಲಿ 1991ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪಾಲ್ಗೊಂಡವರು ಮೊದಲೇ ಅಳವಡಿಕೆ ಮಾಡಿಸಿಕೊಂಡಿದ್ದವರು. ಒಳಗಿನ ಎಲೆಕ್ಟ್ರೋಡ್‌ಗಳನ್ನು ಬದಲಿಸದೆ, ಸಂಸ್ಕರಣೆಯ ವಿಧಾನವನ್ನಷ್ಟೇ ಬದಲಿಸಿದಾಗ ಅವರ ಮಾತಿನ ಗ್ರಹಿಕೆ ಗಮನಾರ್ಹವಾಗಿ ಸುಧಾರಿಸಿತು. ಕ್ಲಾರ್ಕ್, ಇಂಗೆಬೋರ್ಗ್ ಹೋಖ್‌ಮೈರ್ ಹಾಗೂ ವಿಲ್ಸನ್ ಅವರಿಗೆ 2013ರಲ್ಲಿ ಲಾಸ್ಕರ್ ಪ್ರಶಸ್ತಿ ಲಭಿಸಿತು.

ಸಂಶೋಧಕರ ದಿನಚರಿ

ವಿಶ್ವವಿದ್ಯಾನಿಲಯ ಹಾಗೂ ಆಸ್ಪತ್ರೆಗಳ ಶ್ರವಣ ಪ್ರಯೋಗಾಲಯಗಳಲ್ಲಿ ಸಂಶೋಧನಾ ಸಹಾಯಕ, ಸಂಶೋಧನಾಧಿಕಾರಿ, ಪಿಎಚ್.ಡಿ. ನಂತರದ ಫೆಲೋ ಎಂಬ ಹೆಸರುಗಳಲ್ಲಿ ಈ ಹುದ್ದೆಗಳಿರುತ್ತವೆ. ಶ್ರವಣವಿಜ್ಞಾನ ಓದಿದವರಲ್ಲದೆ ಎಲೆಕ್ಟ್ರಾನಿಕ್ಸ್, ಮನೋವಿಜ್ಞಾನ, ನರವಿಜ್ಞಾನ ಹಾಗೂ ಭಾಷಾವಿಜ್ಞಾನದ ಪದವೀಧರರೂ ಇಲ್ಲಿಗೆ ಬರುತ್ತಾರೆ.

ಅವರ ಕೆಲಸದ ಮೊದಲ ಭಾಗ ಕೇಳುವಿಕೆಯ ಅಳತೆ. ಇಂಪ್ಲಾಂಟ್ ಧರಿಸಿದ ವ್ಯಕ್ತಿಗೆ ಮೂರು ಸದ್ದುಗಳನ್ನು ಕೇಳಿಸಿ, ಬೇರೆಯಾಗಿರುವುದು ಯಾವುದೆಂದು ಗುರುತಿಸಲು ಹೇಳಲಾಗುತ್ತದೆ. ಉತ್ತರ ಸರಿಯಾದರೆ ವ್ಯತ್ಯಾಸವನ್ನು ಕುಗ್ಗಿಸುತ್ತಾರೆ, ತಪ್ಪಿದರೆ ಹಿಗ್ಗಿಸುತ್ತಾರೆ. ಇಂತಹ ನೂರಾರು ಪುನರಾವರ್ತನೆಗಳ ಬಳಿಕವಷ್ಟೇ ಆ ವ್ಯಕ್ತಿ ಗುರುತಿಸಬಲ್ಲ ಕನಿಷ್ಠ ವ್ಯತ್ಯಾಸ ತಿಳಿಯುತ್ತದೆ. ಪ್ರತಿ ಎಲೆಕ್ಟ್ರೋಡ್‌ನಲ್ಲಿಯೂ ಸದ್ದು ಕೇಳಿಸತೊಡಗುವ ಮಟ್ಟ ಯಾವುದು, ಹಿತವೆನಿಸುವ ಗರಿಷ್ಠ ಮಟ್ಟ ಯಾವುದು ಎಂಬುದನ್ನು ಗೊತ್ತುಪಡಿಸುವುದೂ ಅಗತ್ಯ. ಮಾತನಾಡಲಾರದ ಶಿಶುಗಳಲ್ಲಿ ಶ್ರವಣ ನರದ ಸ್ಪಂದನವನ್ನು ಇಂಪ್ಲಾಂಟ್ ಮೂಲಕವೇ ದಾಖಲಿಸುವ ಅಥವಾ ತಲೆಯ ಮೇಲೆ ಸಂವೇದಕಗಳನ್ನಿರಿಸಿ ಮಿದುಳಿನ ಪ್ರತಿಕ್ರಿಯೆಯನ್ನು ಅಳೆಯುವ ವಿಧಾನಗಳು ಬಳಕೆಯಲ್ಲಿವೆ.

ಎರಡನೆಯ ಭಾಗ ಅನುಕರಣ ಪ್ರಯೋಗ. ಇಂಪ್ಲಾಂಟ್ ಮೂಲಕ ಮಾತು ಹೇಗೆ ಕೇಳಿಸಬಹುದೆಂಬುದನ್ನು ಗಣಕಯಂತ್ರದಲ್ಲಿ ಸೃಷ್ಟಿಸಿ ಸಾಮಾನ್ಯ ಶ್ರವಣಶಕ್ತಿಯುಳ್ಳವರಿಗೆ ಕೇಳಿಸಲಾಗುತ್ತದೆ. ಕೇವಲ ನಾಲ್ಕು ಪಟ್ಟಿಗಳಿಗೆ ಇಳಿಸಿದ ಮಾತನ್ನೂ ನಿಶ್ಶಬ್ದ ವಾತಾವರಣದಲ್ಲಿ ಬಹುಮಟ್ಟಿಗೆ ಅರ್ಥ ಮಾಡಿಕೊಳ್ಳಬಹುದೆಂದು ರಾಬರ್ಟ್ ಶಾನನ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಗದ್ದಲದಲ್ಲಿ ಅಷ್ಟು ಸಾಲದು. ಇಂಪ್ಲಾಂಟಿನಲ್ಲಿ 22 ಎಲೆಕ್ಟ್ರೋಡ್‌ಗಳಿದ್ದರೂ ಬಳಕೆದಾರರಿಗೆ ದೊರೆಯುವ ಪ್ರಯೋಜನ ಸುಮಾರು ಎಂಟು ವಾಹಿನಿಗಳಿಗೆ ನಿಂತುಬಿಡುತ್ತದೆ ಎಂಬುದು 2001ರ ಅಧ್ಯಯನವೊಂದರಿಂದ ತಿಳಿದುಬಂದಿತು. ಮನೆಯಲ್ಲಿ ಸರಾಗವಾಗಿ ಮಾತನಾಡುವವರು ಮದುವೆ ಮಂಟಪದಲ್ಲಿ, ಬಸ್ ನಿಲ್ದಾಣದಲ್ಲಿ, ತರಗತಿಯಲ್ಲಿ ತಡವರಿಸುವುದಕ್ಕೆ ಕಾರಣ ಇದೇ. ಸಂಗೀತದ ಸ್ವರಗಳನ್ನು ಗುರುತಿಸುವುದೂ ಇದೇ ಕಾರಣಕ್ಕೆ ಕಷ್ಟ.

ಕನ್ನಡದ ಕಿವಿಗೆ ಕನ್ನಡದ ಅಳತೆ

ಇಂಗ್ಲಿಷ್ ಪದಗಳಿಂದ ರೂಪಿಸಿದ ಪರೀಕ್ಷೆಯಿಂದ ಕನ್ನಡದ ಮಗುವಿನ ಗ್ರಹಿಕೆಯನ್ನು ಅಳೆಯಲು ಸಾಧ್ಯವಿಲ್ಲ. ‘ಕೊಡು–ಕೋಡು’, ‘ಕತೆ–ಕತ್ತೆ’ ಪದಗಳ ನಡುವಣ ಮುಖ್ಯ ವ್ಯತ್ಯಾಸ ಉಚ್ಚಾರಣೆಯ ಕಾಲಾವಧಿಯದು. ಇಂಪ್ಲಾಂಟ್‌ಗಳು ಕಾಲಾವಧಿಯ ವ್ಯತ್ಯಾಸವನ್ನು ಚೆನ್ನಾಗಿ ದಾಟಿಸುತ್ತವೆ. ‘ಹುಲಿ–ಹುಳಿ’, ‘ಬಲೆ–ಬಳೆ’ ಪದಗಳ ವ್ಯತ್ಯಾಸವಾದರೋ ಧ್ವನಿಯೊಳಗಿನ ಸ್ಥಾಯಿಗಳ ಸೂಕ್ಷ್ಮ ಹಂಚಿಕೆಯಲ್ಲಿದೆ. ಇಂಪ್ಲಾಂಟಿನ ದುರ್ಬಲ ಭಾಗವೂ ಅದೇ. ಆದ್ದರಿಂದ ಯಾವ ಪದಗಳನ್ನಿಟ್ಟುಕೊಂಡು ಪರೀಕ್ಷಿಸಬೇಕು, ಚಿಕಿತ್ಸಕರು ಯಾವ ಅಕ್ಷರಗಳಿಗೆ ಹೆಚ್ಚಿನ ಗಮನ ನೀಡಬೇಕು ಎಂಬುದು ಆಯಾ ಭಾಷೆಯೊಳಗೇ ನಿರ್ಧಾರವಾಗಬೇಕಾದ ಸಂಗತಿ.

ಈ ನಿಟ್ಟಿನಲ್ಲಿ ಕರ್ನಾಟಕಕ್ಕೆ ಒಂದು ಅನುಕೂಲವಿದೆ. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಅಧೀನದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ. ಮಾನಸಗಂಗೋತ್ರಿಯ ಈ ಸಂಸ್ಥೆಯಲ್ಲಿ ಪದವಿಯಿಂದ ಪಿಎಚ್.ಡಿ.ವರೆಗೆ ಶ್ರವಣವಿಜ್ಞಾನದ ಶಿಕ್ಷಣ, ತಪಾಸಣೆ, ಚಿಕಿತ್ಸೆ ಹಾಗೂ ಸಂಶೋಧನೆ ನಡೆಯುತ್ತವೆ. ಕನ್ನಡದ ಪದಪಟ್ಟಿಗಳು, ವಾಕ್ಯಪಟ್ಟಿಗಳು ಸೇರಿದಂತೆ ಭಾರತೀಯ ಭಾಷೆಗಳ ಪರೀಕ್ಷಾ ಸಾಮಗ್ರಿ ಇಲ್ಲಿ ಸಿದ್ಧಗೊಂಡಿದೆ.

ವಯಸ್ಸಿನ ಗಡುವು

ಹುಟ್ಟುಕಿವುಡ ಮಕ್ಕಳ ವಿಷಯದಲ್ಲಿ ಕಾಲವೇ ನಿರ್ಣಾಯಕ. ಅನು ಶರ್ಮಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸುಮಾರು ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಪಡೆದ ಮಕ್ಕಳಲ್ಲಿ ಮಿದುಳಿನ ಶ್ರವಣ ಸ್ಪಂದನ ಸಹಜಮಟ್ಟಕ್ಕೆ ಬರುತ್ತದೆ. ಏಳು ವರ್ಷದ ನಂತರ ಪಡೆದವರಲ್ಲಿ ಬಹುತೇಕರಿಗೆ ಹಾಗಾಗುವುದಿಲ್ಲ. ಸದ್ದಿಲ್ಲದೆ ಬೆಳೆದ ಮಿದುಳು ಆ ಭಾಗವನ್ನು ಬೇರೆ ಕೆಲಸಗಳಿಗೆ ಬಳಸಿಕೊಳ್ಳತೊಡಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಈ ಕಾರಣದಿಂದಲೇ ಶಿಶು ಒಂದು ತಿಂಗಳಾಗುವುದರೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ಪತ್ತೆ, ಆರು ತಿಂಗಳೊಳಗೆ ಚಿಕಿತ್ಸಾ ಕ್ರಮದ ಆರಂಭ ಎಂಬ ಸೂತ್ರ ಅಂತರರಾಷ್ಟ್ರೀಯವಾಗಿ ಪ್ರಚಲಿತವಾಗಿದೆ.

ಭಾರತ ಸರ್ಕಾರ 2006–07ರಲ್ಲಿ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅಂಗವಿಕಲರಿಗೆ ಸಾಧನ ಒದಗಿಸುವ ಅಡಿಪ್ ಯೋಜನೆಯ 2014ರ ಪರಿಷ್ಕರಣೆಯಲ್ಲಿ ವರ್ಷಕ್ಕೆ 500 ಮಕ್ಕಳಿಗೆ, ಪ್ರತಿ ಸಾಧನಕ್ಕೆ 6 ಲಕ್ಷ ರೂಪಾಯಿ ಮಿತಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ನೀಡಲು ಅವಕಾಶ ಕಲ್ಪಿಸಲಾಯಿತು. ಆದರೆ ವೆಚ್ಚ ಶಸ್ತ್ರಚಿಕಿತ್ಸೆಗೆ ಮುಗಿಯುವುದಿಲ್ಲ. ಬ್ಯಾಟರಿ, ಕೇಬಲ್, ಹೊರಸಾಧನದ ರಿಪೇರಿ, ವರ್ಷಗಟ್ಟಲೆ ವಾಕ್ ಶ್ರವಣ ತರಬೇತಿ, ಅದಕ್ಕಾಗಿ ನಗರಕ್ಕೆ ಓಡಾಟ ಇವೆಲ್ಲ ಕುಟುಂಬದ ಮೇಲೆ ಬೀಳುವ ಹೊರೆ. ಕೆಟ್ಟ ಹೊರಸಾಧನವನ್ನು ಸರಿಪಡಿಸದಿದ್ದರೆ ಮಗು ಮತ್ತೆ ನಿಶ್ಶಬ್ದಕ್ಕೆ ಮರಳುತ್ತದೆ.

ಒಪ್ಪದವರ ವಾದ

ಸಂಕೇತ ಭಾಷೆಯನ್ನೇ ತಮ್ಮ ಮಾತೃಭಾಷೆಯೆಂದು ತಿಳಿಯುವ ಕಿವುಡ ಸಮುದಾಯದ ಅನೇಕರು, ಕಿವುಡುತನವನ್ನು ದೋಷವೆಂದೇ ಭಾವಿಸಿ ಎಳೆಯ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಪ್ರಶ್ನಿಸಿದ್ದಾರೆ. ಅಮೆರಿಕದ ರಾಷ್ಟ್ರೀಯ ಕಿವುಡರ ಸಂಘ 1991ರಲ್ಲಿ ಮಕ್ಕಳಿಗೆ ಅಳವಡಿಸುವುದನ್ನು ಕಟುವಾಗಿ ವಿರೋಧಿಸಿತ್ತು. 2000ದಲ್ಲಿ ತನ್ನ ನಿಲುವನ್ನು ಸಡಿಲಿಸಿ, ಪೋಷಕರ ಆಯ್ಕೆಯ ಹಕ್ಕನ್ನು ಮಾನ್ಯ ಮಾಡಿತು. ಭಾರತದಲ್ಲಿ ಸಂಕೇತ ಭಾಷೆಯ ಸಂಶೋಧನೆ ಹಾಗೂ ತರಬೇತಿಗೆಂದು 2015ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು. ಇಂಪ್ಲಾಂಟ್ ಪಡೆದ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಫಲ ದೊರೆಯುವುದಿಲ್ಲವಾದ್ದರಿಂದ, ಮಗುವಿಗೆ ಯಾವುದಾದರೊಂದು ಭಾಷೆ ಸಕಾಲದಲ್ಲಿ ದಕ್ಕಬೇಕೆಂಬ ಈ ಸಮುದಾಯದ ಆಗ್ರಹವನ್ನು ಸಂಶೋಧಕರೂ ಗಂಭೀರವಾಗಿ ಪರಿಗಣಿಸಬೇಕಾಗುತ್ತದೆ.

ಒಟೊಫರ್ಲಿನ್ ಎಂಬ ಜೀನ್‌ನ ದೋಷದಿಂದ ಕಿವುಡರಾದ ಆರು ಮಕ್ಕಳಿಗೆ ಚೀನಾದಲ್ಲಿ ಜೀನ್ ಚಿಕಿತ್ಸೆ ನೀಡಿದ್ದು, ಐವರಲ್ಲಿ ಶ್ರವಣ ಸುಧಾರಿಸಿದ ವರದಿ 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಹುಟ್ಟುಕಿವುಡುತನದ ಪ್ರಕರಣಗಳಲ್ಲಿ ಈ ಜೀನ್‌ನಿಂದ ಉಂಟಾಗುವುದು ಸಣ್ಣ ಪಾಲು ಮಾತ್ರ. ಉಳಿದ ಮಕ್ಕಳ ಪಾಲಿಗೆ, ಶಿಶುವಿನ ಮೊದಲ ತಿಂಗಳುಗಳಲ್ಲಿ ನಡೆಯುವ ತಪಾಸಣೆ ಮತ್ತು ಸಕಾಲಿಕ ಚಿಕಿತ್ಸೆಯೇ ಮುಖ್ಯವಾಗಿ ಉಳಿದಿವೆ. ಕರೆದರೆ ತಿರುಗದ, ಬಾಗಿಲು ಬಡಿದ ಸದ್ದಿಗೆ ಬೆಚ್ಚದ ಮಗುವನ್ನು ‘ನಿಧಾನವಾಗಿ ಮಾತು ಬಂದೀತು’ ಎಂದು ಕಾಯದೆ ಶ್ರವಣತಜ್ಞರಲ್ಲಿಗೆ ಕರೆದೊಯ್ಯುವುದು ಪೋಷಕರು ಇಡಬೇಕಾದ ಮೊದಲ ಹೆಜ್ಜೆ.