ಕತ್ತಲೆಕೋಣೆಯಿಂದ ಗಣಕಯಂತ್ರಕ್ಕೆ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದರು ಹಿರಿಯರು. ಛಾಯಾಚಿತ್ರ ಬಂದ ಮೇಲೆ ಈ ಗಾದೆಯನ್ನು ನಾವು ಮರೆತೆವು. ಕವಿ ಉತ್ಪ್ರೇಕ್ಷಿಸಿಯಾನು, ಚಿತ್ರಕಾರ ಕಲ್ಪಿಸಿಯಾನು. ಕ್ಯಾಮರಾ ಸುಳ್ಳಾಡದು ಎಂದು ನಂಬಿದೆವು.

ಈ ನಂಬಿಕೆಗೆ ಪೆಟ್ಟು ಬಿದ್ದುದು ಇಂದು ನಿನ್ನೆಯಲ್ಲ. 1858ರಲ್ಲಿ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ ಒಂದು ಚಿತ್ರವನ್ನು ಪ್ರದರ್ಶಿಸಿದ. ಸಾವಿನಂಚಿನಲ್ಲಿರುವ ಹುಡುಗಿ, ಬಳಿಯಲ್ಲಿ ಮನೆಯವರು, ಕಿಟಕಿಯತ್ತ ಮುಖ ತಿರುಗಿಸಿ ನಿಂತ ಗಂಡಸು. ಇಂಥ ದುಃಖದ ಗಳಿಗೆಯಲ್ಲಿ ಕ್ಯಾಮರಾ ಹಿಡಿಯಬಹುದೆ ಎಂದು ಹಲವರು ನೊಂದುಕೊಂಡರು. ಆದರೆ ಅಲ್ಲಿ ರೋಗವೂ ಇರಲಿಲ್ಲ, ಸಾವೂ ಇರಲಿಲ್ಲ. ಆರೋಗ್ಯವಂತ ಹುಡುಗಿಯನ್ನು ಒರಗಿಸಿ, ಐದು ನೆಗೆಟಿವ್‌ಗಳನ್ನು ಕೂಡಿಸಿ ಮಾಡಿದ ಚಿತ್ರ ಅದು.

ನಮ್ಮ ಊರಿನ ಸ್ಟುಡಿಯೋಗಳಲ್ಲಿಯೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆಗಳನ್ನು ಮರೆಸುವ ಕುಶಲಿಗಳಿದ್ದರು. ಅದಕ್ಕೆ ಕೈ ಪಳಗಬೇಕು, ಹೊತ್ತು ಬೇಕು. ಸುಳ್ಳು ಹೇಳುವುದು ಕಷ್ಟದ ಕೆಲಸವಾಗಿದ್ದುದೇ ಸತ್ಯಕ್ಕೆ ಒಂದು ಕಾವಲಾಗಿತ್ತು.

ಆ ಕಾವಲು ಮೊದಲು ಸಡಿಲಿದುದು ಭಾರಿ ಬೆಲೆಯ ಗಣಕಯಂತ್ರಗಳಿಂದ. 1982ರ ಫೆಬ್ರವರಿಯಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ, ಅಡ್ಡಚಿತ್ರವೊಂದನ್ನು ಉದ್ದನೆಯ ಮುಖಪುಟಕ್ಕೆ ಹೊಂದಿಸಲೆಂದು, ಈಜಿಪ್ಟಿನ ಪಿರಮಿಡ್ಡುಗಳನ್ನೇ ಹತ್ತಿರಕ್ಕೆ ಸರಿಸಿಬಿಟ್ಟಿತು!

1987ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿ ಥಾಮಸ್ ನೋಲ್, ಕಪ್ಪು ಬಿಳುಪಷ್ಟೇ ತೋರುತ್ತಿದ್ದ ತನ್ನ ಗಣಕದ ಪರದೆಯಲ್ಲಿ ನಡುವಣ ಛಾಯೆಗಳನ್ನೂ ಮೂಡಿಸುವ ತಂತ್ರಾಂಶ ಬರೆದ. ಚಲನಚಿತ್ರದ ಚಮತ್ಕಾರದೃಶ್ಯಗಳ ಸಂಸ್ಥೆಯಲ್ಲಿದ್ದ ತಮ್ಮ ಜಾನ್ ಕೈಗೂಡಿಸಿದ. ಇವರ ತಂದೆ ಮನೆಯ ನೆಲಮಾಳಿಗೆಯಲ್ಲಿ ಕತ್ತಲೆಕೋಣೆ ಇಟ್ಟುಕೊಂಡಿದ್ದವರು. 1990ರಲ್ಲಿ ಅಡೋಬಿ ಸಂಸ್ಥೆ ಅದನ್ನು ‘ಫೋಟೋಶಾಪ್’ ಎಂದು ಹೊರತಂದಿತು. ಬೆಳಕನ್ನು ಮರೆಮಾಡಿ ತಿಳಿಗೊಳಿಸುವ ‘ಡಾಡ್ಜ್’, ಬೆಳಕನ್ನು ಹೆಚ್ಚಿಸಿ ಕಪ್ಪಾಗಿಸುವ ‘ಬರ್ನ್’ — ಕತ್ತಲೆಕೋಣೆಯ ಈ ಹೆಸರುಗಳು ಅದರಲ್ಲೂ ಉಳಿದುಕೊಂಡವು. ಉಳಿಯದೆ ಹೋದುದು ಕಷ್ಟ. ಗಂಟೆಗಳ ಕೆಲಸ ನಿಮಿಷಕ್ಕಿಳಿಯಿತು. ತಪ್ಪಿದರೆ ಹಿಂದಕ್ಕೆ ಬರಬಹುದಾಯಿತು. 2023ರಿಂದ, ಬೇಕಾದುದನ್ನು ಮಾತಿನಲ್ಲಿ ಬರೆದರೆ ಸಾಕು, ಇಲ್ಲದ ವಸ್ತುವೂ ಚಿತ್ರದಲ್ಲಿ ಬಂದು ಕೂರುತ್ತದೆ.

ಇದನ್ನು ಬರಿಯ ಕೇಡೆನ್ನಲಾಗದು. ಗೆದ್ದಲು ತಿಂದ ಪಟದಲ್ಲಿ ಅಜ್ಜಿಯ ಮುಖ ಮತ್ತೆ ಮೂಡುವುದು ಈ ತಂತ್ರಾಂಶದಿಂದಲೇ. ನಿರಪರಾಧಿಯೊಬ್ಬನನ್ನು ಅಪರಾಧದ ಸ್ಥಳದಲ್ಲಿ ನಿಲ್ಲಿಸಬಲ್ಲುದೂ ಇದೇ. ಕಷ್ಟವೆಂಬ ಕಾವಲುಗಾರ ಹೊರಟುಹೋದ ಮೇಲೆ ಕಾವಲು ನಮ್ಮ ಪಾಲಿಗೆ ಬಂದಿದೆ. ಚಿತ್ರವೊಂದು ಕೈಗೆ ಬಂದಾಗ, ತೆಗೆದವರು ಯಾರು, ಮೂಲಪ್ರತಿ ಎಲ್ಲಿದೆ ಎಂದು ಕೇಳುವ ಅಭ್ಯಾಸ ನಮಗಾಗಬೇಕು. ಹಿರಿಯರು ‘ಪ್ರಮಾಣಿಸಿ ನೋಡು’ ಎಂದುದು ಇದನ್ನೇ.