ಗೆಣಸನ್ನು ಗುಂಡಿಯಲ್ಲಿ ಕಾಪಾಡಿದವರು

ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ ಜೊತೆ ಗೆಣಸು ಬೇಯಿಸುತ್ತೇವೆ. ಶಿವರಾತ್ರಿ ಉಪವಾಸಕ್ಕೂ ಅದೇ ಬೇಕು. ಇಷ್ಟು ನಮ್ಮದಾಗಿರುವ ಈ ಗಡ್ಡೆ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಎಂದರೆ ಮನೆಯ ಹಿರಿಯರು ನಕ್ಕುಬಿಡುತ್ತಾರೆ. ಕರಾವಳಿಯವರು ಆಲೂಗಡ್ಡೆಗೆ ಬಟಾಟೆ ಅಂತಾರಲ್ಲ, ಆ ಪದವೂ ಮೊದಲು ಕೆರಿಬಿಯನ್ ದ್ವೀಪಗಳಲ್ಲಿ ಗೆಣಸಿನ ಹೆಸರಾಗಿತ್ತು.

ಗೆಣಸು ಹೊಟ್ಟೆ ಕಾದ ಕತೆ ನೋಡಬೇಕೆಂದರೆ ಜಪಾನಿಗೆ ಹೋಗಬೇಕು. ಅಲ್ಲಿನ ಒಕಿನಾವ ದ್ವೀಪಕ್ಕೆ ಇದು 1605ರಲ್ಲಿ ಚೀನಾದಿಂದ ಬಂತು. ನೂರು ವರ್ಷದ ನಂತರ ದಕ್ಷಿಣದ ಸತ್ಸುಮ ಸೀಮೆ ಮುಟ್ಟಿತು. ಜಪಾನೀಯರು ಇವತ್ತಿಗೂ ಗೆಣಸನ್ನು 'ಸತ್ಸುಮ ಗಡ್ಡೆ' ಎಂದೇ ಕರೆಯುತ್ತಾರೆ. 1732ರಲ್ಲಿ ಪಶ್ಚಿಮ ಜಪಾನಿನ ಭತ್ತಕ್ಕೆ ಜಿಗಿಹುಳು ಬಿದ್ದು ದೊಡ್ಡ ಬರ ಬಂತು. ಗದ್ದೆ ನಂಬಿದವರು ಹಸಿದರು, ಗೆಣಸು ಬೆಳೆದಿದ್ದ ಕಡೆ ಜನ ಉಳಿದರು. ಇದನ್ನು ಗಮನಿಸಿದ ಆವೊಕಿ ಕೊನ್ಯೊ ಎಂಬ ವಿದ್ವಾಂಸ 1735ರಲ್ಲಿ ಎದೊ ಪಟ್ಟಣದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಸರ್ಕಾರದ ಅಪ್ಪಣೆ ಪಡೆದು ಗೆಣಸು ನೆಟ್ಟು ನೋಡಿದ. ಜನ ಅವನನ್ನು 'ಗೆಣಸಿನ ಮೇಷ್ಟ್ರು' ಅಂತಲೇ ಕರೆದರು. ಪುಸ್ತಕದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಬಿರುದು ಸಿಕ್ಕೀತೆ?

ಬೆಳೆಯುವುದಕ್ಕಿಂತ ಕಷ್ಟದ್ದು ಕಾಪಾಡುವುದು. ಗೆಣಸಿಗೆ ಚಳಿ ಆಗದು. 10 ಡಿಗ್ರಿಗಿಂತ ಕೆಳಗೆ ಹೋದರೆ ಒಳಗೇ ಕೆಡುತ್ತದೆ. ಬಿತ್ತನೆ ಗಡ್ಡೆ ಕೊಳೆತರೆ ಮುಂದಿನ ವರ್ಷ ಬೆಳೆಯೇ ಇಲ್ಲ. ಅಲ್ಲಿನ ರೈತರು ನೆಲದಲ್ಲಿ ಗುಂಡಿ ತೋಡಿ, ಹುಲ್ಲು, ಭತ್ತದ ಹೊಟ್ಟು ತುಂಬಿ ಅದರಲ್ಲಿ ಗೆಣಸು ಇಟ್ಟರು. ನಮಗೆ ಇದರಲ್ಲಿ ಎರಡು ಪಾಠ ಕಾಣುತ್ತವೆ. ಗೆಣಸನ್ನು ಫ್ರಿಜ್ಜಿಗೆ ಹಾಕಬೇಡಿ, ನಡುಭಾಗ ಎಷ್ಟು ಬೇಯಿಸಿದರೂ ಗಟ್ಟಿಯಾಗೇ ಉಳಿಯುತ್ತದೆ. ಕಿತ್ತ ಗೆಣಸನ್ನು ತೊಳೆಯದೆ, ಬಿಸಿಲಿಗೂ ಹಾಕದೆ, ಬೆಚ್ಚಗಿನ ತುಸು ತೇವದ ಜಾಗದಲ್ಲಿ ಒಂದು ವಾರ ಬಿಡಿ. ಗುದ್ದಲಿ ತಾಗಿದ ಗಾಯದ ಮೇಲೆ ಹೊಸ ಸಿಪ್ಪೆ ಕಟ್ಟುತ್ತದೆ, ಆಮೇಲೆ ತಿಂಗಳುಗಟ್ಟಲೆ ಬಾಳುತ್ತದೆ.

ಎದೊ ಬೀದಿಗಳಲ್ಲಿ ಮುಂದೆ ಸುಟ್ಟ ಗೆಣಸಿನ ಅಂಗಡಿಗಳು ಎದ್ದವು. ಆಮೇಲೆ ಬಿಸಿ ಕಲ್ಲಿನ ಮೇಲೆ ನಿಧಾನಕ್ಕೆ ಸುಡುವ ಪದ್ಧತಿ ಬಂತು. ನಮ್ಮ ಅಜ್ಜಿಯರು ಒಲೆಯ ಬೂದಿಕೆಂಡದಲ್ಲಿ ಹೂಳುತ್ತಿದ್ದದ್ದೂ ಅದೇ ಲೆಕ್ಕ. ಗೆಣಸು ಸುಮಾರು 60ರಿಂದ 75 ಡಿಗ್ರಿ ಬಿಸಿಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಕುಕ್ಕರಿನಲ್ಲಿ ಮೂರು ವಿಷಲ್ ಹಾಕಿಸಿದರೆ ಆ ಹಂತ ಬೇಗ ದಾಟಿಹೋಗುತ್ತದೆ. ಬೆಂದದ್ದೇನೋ ನಿಜ, ಸಿಹಿ ಸಾಲದು.

ಸಂತೆಯಲ್ಲಿ ಆರಿಸುವಾಗ ದಪ್ಪ ನೋಡಿ ಮರುಳಾಗಬೇಡಿ. ಮಧ್ಯಮ ಗಾತ್ರದ, ಒತ್ತಿದರೆ ಗಟ್ಟಿ ಇರುವ, ತೂತಿಲ್ಲದ ಗೆಣಸು ತೆಗೆದುಕೊಳ್ಳಿ. ಸಣ್ಣ ತೂತು ಇದ್ದರೆ ಮೂತಿಹುಳು ಒಳಗೆ ಸುರಂಗ ಕೊರೆದಿದೆ ಎಂದರ್ಥ. ಒಂದು ತುದಿ ಹುಳುಕಾದರೂ ಉಳಿದದ್ದು ಕಹಿಯಾಗುತ್ತದೆ.

ಇಂಥದ್ದನ್ನು ದನದ ಬಾನಿಗೆ ಎಸೆಯುವ ಅಭ್ಯಾಸ ನಮ್ಮಲ್ಲಿ ಇದೆ. ಹಸಿರು ಬಳ್ಳಿ ಒಳ್ಳೆಯ ಮೇವು, ಸಂಶಯವಿಲ್ಲ. ಆದರೆ ಬೂಸ್ಟು ಹಿಡಿದ ಗೆಣಸಿನಲ್ಲಿ ಹುಟ್ಟುವ ವಿಷ ದನಗಳ ಶ್ವಾಸಕೋಶಕ್ಕೆ ಹೊಡೆಯುತ್ತದೆ. ಏದುಸಿರು ಬಿಟ್ಟು ಒಂದೆರಡು ದಿನದಲ್ಲೇ ಸಾಯಬಹುದು. ಅಂಥ ಗಡ್ಡೆ ಕೊಟ್ಟಿಗೆಯ ಹತ್ತಿರವೂ ಬೇಡ, ದೂರ ಒಯ್ದು ಹೂತುಬಿಡಿ.