ದೀರ್ಘಕಾಲಿಕ ಹಿಮ್ಮಡಿ ನೋವು: ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆಗಳು

ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಚಾಚಿರುವ ಪ್ಲಾಂಟಾರ್ ಫೇಸಿಯಾ ಎಂಬ ದಪ್ಪ ತಂತುಪಟ್ಟಿ ಸತತ ಒತ್ತಡದಿಂದ ಸವೆದಾಗ, ಬೆಳಗಿನ ಮೊದಲ ಹೆಜ್ಜೆಗಳಲ್ಲಿ ಚುಚ್ಚುವ ಈ ನೋವು ಕಾಣಿಸಿಕೊಳ್ಳುತ್ತದೆ. ಕಾರ್ಖಾನೆಗಳಲ್ಲಿ ಗಟ್ಟಿ ನೆಲದ ಮೇಲೆ ದಿನವಿಡೀ ನಿಂತು ದುಡಿಯುವವರಿಗೂ, ತೂಕ ಹೆಚ್ಚಿರುವವರಿಗೂ ಇದರ ಅಪಾಯ ಅಧಿಕ. ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಮುಳ್ಳೇ ಕಾರಣವೆಂಬ ನಂಬಿಕೆ ವ್ಯಾಪಕವಾಗಿದ್ದರೂ, ನೋವಿಲ್ಲದ ಅನೇಕರಲ್ಲಿಯೂ ಅದು ಇರುತ್ತದೆ.

ಚಿಕಿತ್ಸೆಗಳಲ್ಲಿ ವ್ಯಾಯಾಮಕ್ಕೆ ಮೊದಲ ಸ್ಥಾನ ಸಲ್ಲಬೇಕು. 2014ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ 48 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಾದವನ್ನು ಹಿಗ್ಗಿಸುವ ವ್ಯಾಯಾಮವನ್ನೂ, ಇನ್ನೊಂದಕ್ಕೆ ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು ಒಂಟಿಕಾಲಲ್ಲಿ ಹಿಮ್ಮಡಿಯನ್ನು ನಿಧಾನವಾಗಿ ಎತ್ತಿಳಿಸುವುದನ್ನೂ ಹೇಳಿಕೊಡಲಾಯಿತು. ಮೂರು ತಿಂಗಳಿಗೆ ಎರಡನೆಯದು ಮೇಲಾಗಿ ಕಂಡರೂ, ವರ್ಷದ ಕೊನೆಗೆ ಅಂತರ ಉಳಿಯಲಿಲ್ಲ. ಸ್ಟೆರಾಯ್ಡ್ ಚುಚ್ಚುಮದ್ದು ಬೇಗ ಉಪಶಮನ ನೀಡುತ್ತದೆ, ಆದರೆ ಅದರ ಪ್ರಭಾವ ಸುಮಾರು ಒಂದು ತಿಂಗಳಿನದು. ಪದೇ ಪದೇ ಪಡೆದರೆ ತಂತುಪಟ್ಟಿ ಹರಿಯುವ, ಹಿಮ್ಮಡಿಯ ಮೆತ್ತೆಯಂತಿರುವ ಕೊಬ್ಬು ಕರಗುವ ಭಯವಿದೆ. ಆರು ತಿಂಗಳು ಕಳೆದರೂ ಬಗ್ಗದ ನೋವಿಗೆ ಹೊರಗಿನಿಂದ ಒತ್ತಡದ ಅಲೆಗಳನ್ನು ಹಾಯಿಸುವ ಶಾಕ್‌ವೇವ್ ಚಿಕಿತ್ಸೆಯುಂಟು. ರೋಗಿಯ ರಕ್ತದಿಂದಲೇ ಬೇರ್ಪಡಿಸಿದ ಪ್ಲೇಟ್‌ಲೆಟ್ ದ್ರವದ ಚುಚ್ಚುಮದ್ದು ದುಬಾರಿ, ಫಲಿತಾಂಶಗಳೂ ಏಕರೂಪವಾಗಿಲ್ಲ.

ಆಯುರ್ವೇದವು ಈ ನೋವನ್ನು ಹೋಲುವ ವಾತಕಂಟಕವೆಂಬ ತೊಂದರೆಗೆ ಕಾಯಿಸಿದ ಶಲಾಕೆಯಿಂದ (ಲೋಹದ ಕಡ್ಡಿಯಿಂದ) ನೋವಿನ ಜಾಗಕ್ಕೆ ಬರೆ ಹಾಕುವ ಅಗ್ನಿಕರ್ಮ ಮಾಡುತ್ತದೆ. ಬಿಸಿ ಇಟ್ಟಿಗೆಯ ಮೇಲೆ ಎಕ್ಕದೆಲೆಯಿಟ್ಟು ಹಿಮ್ಮಡಿ ಊರುವ ಮನೆಮದ್ದು ಹಿತವೆನಿಸಬಹುದಾದರೂ, ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಅದು ಸುಟ್ಟಗಾಯದ ದಾರಿ.